ಸರ್ಕಾರ ಎಂದರೆ ಯಾವ ಸರ್ಕಾರ?

(ಸಂಗನಕಲ್ಲಿನ ಜುಮಾ ಬಯಾನಿನ ಸಾರಾಂಶ)

 



ಅಸರ್ ಮತ್ತು ಮಗ್ರಿಬ್ ನಡುವೆ ಮಸೀದಿಗೆ ಬರುವವರಲ್ಲಿ ಹಲವರ ಕೈಯಲ್ಲಿ ಒಂದಲ್ಲ ಒಂದು ಕಾಗದ ಇರುತ್ತದೆ. ಒಬ್ಬರದು ರೇಷನ್ ಕಾರ್ಡಿನಿಂದ ಹೆಸರು ಹೋಗಿದೆ. ಇನ್ನೊಬ್ಬರ ಮಗನಿಗೆ ಕಾಲೇಜಿನ ಸೀಟಿಗೆ ಯಾವುದೋ ಪ್ರಮಾಣಪತ್ರ ಬೇಕಾಗಿದೆ. ಮತ್ತೊಬ್ಬರ ಮನೆ ಮುಂದೆ ಚರಂಡಿ ಕಟ್ಟಿಕೊಂಡಿದೆ. ಎಲ್ಲರ ಮಾತೂ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತದೆ: "ಸರ್ಕಾರ ಏನೂ ಮಾಡವಲ್ದು, ಹಜ್ರತ್." ಆಗ ನಾವು ಕೇಳುವುದು, "ಯಾವ ಸರ್ಕಾರ?" ಕೆಲವರು ನಗುತ್ತಾರೆ. ನಾವು ನಗೆಯಾಡಲು ಕೇಳುತ್ತಿಲ್ಲ. ಯಾವ ಕೆಲಸ ಯಾರ ಕೈಯಲ್ಲಿದೆ ಎಂದು ಗೊತ್ತಿಲ್ಲದವನ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುತ್ತದೆ, ಅವನ ಸಿಟ್ಟು ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬಂತಾಗುತ್ತದೆ.

ಅಧಿಕಾರ ಎಂಬುದು ಅಮಾನತ್. ಅಮಾನತ್ತನ್ನು ಅದರ ಹಕ್ಕುದಾರರಿಗೆ ತಲುಪಿಸಬೇಕು, ಜನರ ನಡುವೆ ತೀರ್ಪು ಹೇಳುವಾಗ ನ್ಯಾಯದಿಂದ ಹೇಳಬೇಕು ಎಂಬ ಆಜ್ಞೆ ಸೂರಃ ಅನ್ನಿಸಾದಲ್ಲಿದೆ. ಈ ಆಯತ್ತನ್ನು ನಾವು ಸಾಮಾನ್ಯವಾಗಿ ಒತ್ತೆ ಇಟ್ಟ ಒಡವೆಗೆ, ಸಾಲದ ಹಣಕ್ಕೆ ಅನ್ವಯಿಸಿ ಸುಮ್ಮನಾಗುತ್ತೇವೆ. ಅಧಿಕಾರ ಹಿಡಿದವರಿಗೂ ಅದು ಅನ್ವಯಿಸುತ್ತದೆಂದು ಉಲಮಾಗಳು ಹೇಳಿದ್ದಾರೆ. ಹಾಗಾದರೆ ಅಧಿಕಾರವನ್ನು ಅವರ ಕೈಗೆ ಕೊಟ್ಟವರಿಗೆ, ಅಂದರೆ ಮತ ಹಾಕುವ ನಮಗೆ? ಕೊಟ್ಟದ್ದು ಯಾರಿಗೆ, ಎಷ್ಟು ದಿನಕ್ಕೆ, ಯಾವ ಕರಾರಿನ ಮೇಲೆ ಎಂದು ತಿಳಿಯದೆ ಲೆಕ್ಕ ಕೇಳುವುದು ಹೇಗೆ? ಅದಕ್ಕಾಗಿ ಇವತ್ತು ಈ ವಿಷಯ.

ನಮ್ಮೂರ ಗುಡ್ಡದಿಂದಲೇ ಶುರು ಮಾಡೋಣ. ಸನ್ನರಾಚಮ್ಮ ಗುಡ್ಡ, ಹಿರೇಗುಡ್ಡ ನೋಡಲು ದೇಶ ವಿದೇಶದ ವಿದ್ವಾಂಸರು ಬರುತ್ತಾರೆ. ಸಾವಿರಾರು ವರ್ಷಗಳ ಹಿಂದೆ, ಕಬ್ಬಿಣವಿನ್ನೂ ಗೊತ್ತಿಲ್ಲದ ಕಾಲದಲ್ಲಿ, ಇಲ್ಲಿ ಜನ ದನ ಸಾಕಿಕೊಂಡು, ಕರಿಕಲ್ಲಿನಿಂದ ಕೊಡಲಿ ಮಾಡಿಕೊಂಡು ಬದುಕಿದ್ದರು. ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲಿ ಇದನ್ನು ಗುರುತಿಸಿದರು. ಬಳ್ಳಾರಿಯ ವಸ್ತುಸಂಗ್ರಹಾಲಯಕ್ಕೆ ಅವರ ಹೆಸರನ್ನೂ ನಮ್ಮೂರ ಹೆಸರನ್ನೂ ಸೇರಿಸಿ ಇಟ್ಟಿದ್ದಾರೆ. ನಮ್ಮ ಹುಡುಗರು ಎಷ್ಟು ಜನ ಅದನ್ನು ನೋಡಿದ್ದಾರೋ, ಅದು ಬೇರೆ ಮಾತು. ಈ ಗುಡ್ಡಗಳ ಕಲ್ಲಿಗೆ ಕ್ವಾರಿಗಳ ಕಾಟ ಬಂದಾಗ ಯಾರನ್ನು ಕೇಳಬೇಕಿತ್ತು? ಕಟ್ಟಡದ ಕಲ್ಲು, ಜಲ್ಲಿ, ಮರಳು ಇವು ಉಪಖನಿಜಗಳು. ಇವುಗಳ ನಿಯಮ ಮಾಡುವುದು, ಪರವಾನಗಿ ಕೊಡುವುದು ರಾಜ್ಯ. ಆದರೆ ಪಕ್ಕದ ಸಂಡೂರಿನ ಕಬ್ಬಿಣದ ಅದಿರಿಗೆ ಬರೋಣ. ಅದು ಸಂಸತ್ತು ಮಾಡಿದ 1957ರ ಕಾನೂನಿನ ಕೆಳಗೆ ಬರುತ್ತದೆ. ಗುತ್ತಿಗೆ ಕೊಡುವುದು ರಾಜ್ಯವಾದರೂ ದಿಲ್ಲಿ ಎಳೆದ ಗೆರೆಯೊಳಗೇ ಕೊಡಬೇಕು. ಹಳೆಯ ಕುರುಹುಗಳನ್ನು ಕಾಯುವುದು ಪುರಾತತ್ವ ಇಲಾಖೆ, ಅದರಲ್ಲೂ ಕೇಂದ್ರದ್ದು ಬೇರೆ, ರಾಜ್ಯದ್ದು ಬೇರೆ. ಗುಡ್ಡದ ಬುಡದಲ್ಲಿ ಕರೆಂಟು ಹೋದರೆ ಜೆಸ್ಕಾಂ, ಅದು ರಾಜ್ಯದ ಕಂಪನಿ. ಬೀದಿ ದೀಪ ಪಂಚಾಯಿತಿಯದು. ಒಂದು ಗುಡ್ಡ, ಅದರ ಸುತ್ತ ಮೂರು ಸರ್ಕಾರ.

ಹೀಗೆ ಹಂಚಿದ್ದು ಯಾರು? ಸಂವಿಧಾನ. 1949ರ ನವೆಂಬರ್ 26ರಂದು ಅಂಗೀಕಾರವಾಗಿ 1950ರ ಜನವರಿ 26ರಿಂದ ಜಾರಿಗೆ ಬಂದ ಈ ಗ್ರಂಥದ ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. ರಕ್ಷಣೆ, ರೈಲು, ಅಂಚೆ, ವಿದೇಶಾಂಗ ಕೇಂದ್ರದ ಪಟ್ಟಿಯಲ್ಲಿ. ಪೊಲೀಸು, ಭೂಮಿ, ಬೇಸಾಯ, ಆಸ್ಪತ್ರೆ ರಾಜ್ಯದ ಪಟ್ಟಿಯಲ್ಲಿ. ಶಿಕ್ಷಣ, ಅರಣ್ಯದಂಥವು ಇಬ್ಬರಿಗೂ ಸೇರಿದ ಪಟ್ಟಿಯಲ್ಲಿ. ಇಲ್ಲಿ ಇಬ್ಬರ ಕಾನೂನಿಗೂ ತಾಕಲಾಟವಾದರೆ ಸಾಮಾನ್ಯವಾಗಿ ಕೇಂದ್ರದ್ದೇ ನಿಲ್ಲುತ್ತದೆ. ವಕ್ಫ್ ವಿಷಯ ಅರ್ಥವಾಗದೆ ತಲೆ ಕೆಡಿಸಿಕೊಳ್ಳುವವರಿಗೂ ಉತ್ತರ ಇಲ್ಲೇ ಇದೆ: ಕಾನೂನು ಸಂಸತ್ತಿನದು, ಮಂಡಳಿ ರಾಜ್ಯದ್ದು. ಬಿ.ಎ. ಓದುವಾಗ ರಾಜ್ಯಶಾಸ್ತ್ರದ ಪರೀಕ್ಷೆಗೆಂದು ನಾವು ಈ ಪಟ್ಟಿಗಳನ್ನು ಬಾಯಿಪಾಠ ಮಾಡಿದ್ದೆವು. ಅವುಗಳ ಬೆಲೆ ಗೊತ್ತಾದದ್ದು ಈ ಮಸೀದಿಯ ಕಟ್ಟೆಯ ಮೇಲೆ ಕೂತು ಜನರ ಅರ್ಜಿ ಓದುವಾಗ.

ಇನ್ನು ದಿಲ್ಲಿ. ಅಲ್ಲಿ ಸಂಸತ್ತು ಎಂದರೆ ರಾಷ್ಟ್ರಪತಿ, ಲೋಕಸಭೆ, ರಾಜ್ಯಸಭೆ ಮೂರೂ ಸೇರಿ. ಲೋಕಸಭೆಯ 543 ಸ್ಥಾನಗಳಲ್ಲಿ ಕರ್ನಾಟಕದ್ದು 28. ರಾಜ್ಯಸಭೆಗೆ ನಾವು ನೇರವಾಗಿ ಮತ ಹಾಕುವುದಿಲ್ಲ. ನಮ್ಮ ಶಾಸಕರು 12 ಮಂದಿಯನ್ನು ಆರಿಸಿ ಕಳುಹಿಸುತ್ತಾರೆ. ಎಲ್ಲ ಆದೇಶಗಳೂ ರಾಷ್ಟ್ರಪತಿಯವರ ಹೆಸರಿನಲ್ಲಿ ಹೊರಡುತ್ತವೆ, ಆದರೆ ಕೆಲಸ ನಡೆಸುವುದು ಪ್ರಧಾನಿ ಮತ್ತು ಅವರ ಮಂತ್ರಿಮಂಡಲ. ಆ ಮಂತ್ರಿಮಂಡಲ ಲೋಕಸಭೆಗೆ ಸಾಮೂಹಿಕವಾಗಿ ಹೊಣೆ. ಲೋಕಸಭೆಯ ಬಹುಮತ ಇರುವ ತನಕ ಕುರ್ಚಿ, ಹೋದ ದಿನ ಮನೆ.

ಇದು ಪುಸ್ತಕದ ಮಾತು ಅನಿಸಿದರೆ ಬಳ್ಳಾರಿಯವರು 1999ನ್ನು ನೆನಪು ಮಾಡಿಕೊಳ್ಳಲಿ. ಆ ವರ್ಷ ಏಪ್ರಿಲ್ 17ರಂದು ವಾಜಪೇಯಿಯವರ ಸರ್ಕಾರ ವಿಶ್ವಾಸಮತ ಕೇಳಿತು. ಪರವಾಗಿ 269, ವಿರುದ್ಧವಾಗಿ 270. ಒಂದೇ ಮತ! ಬಂದೂಕು ಸಿಡಿಯಲಿಲ್ಲ, ಯಾರ ಅರಮನೆಗೂ ಮುತ್ತಿಗೆ ಬೀಳಲಿಲ್ಲ. ಮತ ಎಣಿಸಿದರು, ಪ್ರಧಾನಿ ರಾಜೀನಾಮೆ ಕೊಟ್ಟರು. ಆಮೇಲೆ ನಡೆದ ಚುನಾವಣೆಯೇ ನಮ್ಮ ಬಳ್ಳಾರಿಯನ್ನು ಇಡೀ ದೇಶಕ್ಕೆ ತೋರಿಸಿದ್ದು. ಸೋನಿಯಾ ಗಾಂಧಿ ಒಂದು ಕಡೆ, ಸುಷ್ಮಾ ಸ್ವರಾಜ್ ಇನ್ನೊಂದು ಕಡೆ. ಸುಷ್ಮಾ ಅವರು ಕನ್ನಡ ಕಲಿತು ಭಾಷಣ ಮಾಡಿದ್ದನ್ನು ಹಿರಿಯರು ಈಗಲೂ ಹೇಳುತ್ತಾರೆ. ಸೋನಿಯಾ ಸುಮಾರು 56 ಸಾವಿರ ಮತಗಳಿಂದ ಗೆದ್ದರು. ಆದರೆ ಅಮೇಠಿಯಲ್ಲೂ ಗೆದ್ದಿದ್ದರು. ಒಬ್ಬರು ಎರಡು ಕಡೆ ನಿಲ್ಲಬಹುದು, ಎರಡನ್ನೂ ಇಟ್ಟುಕೊಳ್ಳುವಂತಿಲ್ಲ. ಅವರು ಅಮೇಠಿ ಉಳಿಸಿಕೊಂಡರು, ಬಳ್ಳಾರಿ ಬಿಟ್ಟರು. ಮತ್ತೆ ಉಪಚುನಾವಣೆ. ಗೆದ್ದವರು ಬಿಟ್ಟು ಹೋದರೆಂದು ನಮ್ಮೂರುಗಳಲ್ಲಿ ಬೇಸರಪಟ್ಟವರಿದ್ದಾರೆ. ನಮ್ಮ ಅಭಿಪ್ರಾಯ ಕೇಳಿದರೆ, ದೊಡ್ಡ ಹೆಸರಿಗೆ ಮರುಳಾಗಿ ಮತ ಹಾಕುವ ಮೊದಲು ಈ ಎರಡು ಕಡೆಯ ನಿಯಮ ಗೊತ್ತಿರಬೇಕು, ಅಷ್ಟೆ. ಗೊತ್ತಿದ್ದೂ ಹಾಕಿದರೆ ಅದು ಮತದಾರನ ಇಷ್ಟ.

ಹಜ್ರತ್ ಅಬೂಬಕರ್(ರ) ಅವರು ಖಿಲಾಫತ್ ವಹಿಸಿಕೊಂಡ ಮೊದಲ ದಿನವೇ, ಸರಿಯಾಗಿ ನಡೆದರೆ ನೆರವಾಗಿ, ತಪ್ಪಿದರೆ ತಿದ್ದಿ ಎಂಬರ್ಥದ ಮಾತು ಹೇಳಿದ್ದು ನೀವೆಲ್ಲ ಕೇಳಿದ್ದೀರಿ. ಆಳುವವನು ಪ್ರಶ್ನೆಗೆ ಒಳಪಟ್ಟವನು ಎಂಬುದು ನಮಗೆ ಹೊಸ ವಿಚಾರವಲ್ಲ. ಈ ದೇಶದಲ್ಲಿ ಆ ಪ್ರಶ್ನೆ ಕೇಳಲು ಕಟ್ಟಿಕೊಟ್ಟ ಏರ್ಪಾಡು ಯಾವುದು ಎಂಬುದನ್ನಷ್ಟೇ ನಾವು ಕಲಿಯಬೇಕಿರುವುದು.

ಈಗ ರಾಜ್ಯದ ಮಾತು. ನಾವು ಕರ್ನಾಟಕದವರು ಎನ್ನುವುದು ತಾನಾಗಿ ಆದದ್ದಲ್ಲ. 1952ರ ಮೊದಲ ಮಹಾಚುನಾವಣೆಯಲ್ಲಿ ಈ ಭಾಗದ ಅಜ್ಜಂದಿರು ಮತ ಹಾಕಿದ್ದು ಮದ್ರಾಸ್ ರಾಜ್ಯದ ಪ್ರಜೆಗಳಾಗಿ. ಮರುವರ್ಷ ಆಂಧ್ರ ರಾಜ್ಯ ಮಾಡಲು ಸಂಸತ್ತು ಕಾನೂನು ತಂದಿತು. ಬಳ್ಳಾರಿ ಜಿಲ್ಲೆಯನ್ನು ಹೇಗೆ ಹಂಚಬೇಕೆಂದು ದೊಡ್ಡ ಜಗ್ಗಾಟ. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬಳ್ಳಾರಿ ತಾಲೂಕಿನ ವಿಷಯ ಮಾತ್ರ ಕಗ್ಗಂಟಾಗಿ, ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರಿಂದ ವಿಚಾರಣೆ ನಡೆಯಿತು. ಕೊನೆಗೆ 1953ರ ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪ ಸೇರಿ ಏಳು ತಾಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಒಂದೇ ಜಿಲ್ಲೆಯಲ್ಲಿದ್ದ ಬೀಗರು ಬೆಳಗಾಗುವಷ್ಟರಲ್ಲಿ ಎರಡು ರಾಜ್ಯದವರಾದರು. ಇವತ್ತಿಗೂ ಈ ಜಮಾಅತಿನಲ್ಲಿ ಹೆಣ್ಣು ಕೊಟ್ಟು ತರುವುದು ಆದೋನಿಯ ಕಡೆಗೇ ಅಲ್ಲವೇ? ರಾಜ್ಯಗಳ ಗಡಿ ಬದಲಿಸುವ ಅಧಿಕಾರ ಸಂವಿಧಾನದ 3ನೇ ವಿಧಿಯ ಪ್ರಕಾರ ಸಂಸತ್ತಿಗಿದೆ. ಸಂಬಂಧಪಟ್ಟ ರಾಜ್ಯದ ಶಾಸನಸಭೆಯ ಅಭಿಪ್ರಾಯ ಕೇಳಬೇಕು. ಆದರೆ ಆ ಅಭಿಪ್ರಾಯದಂತೆಯೇ ನಡೆಯಬೇಕೆಂಬ ಕಟ್ಟಿಲ್ಲ. ನಮ್ಮ ದೇಶದಲ್ಲಿ ಕೇಂದ್ರದ ಕೈ ಎಷ್ಟು ಮೇಲು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಅದೇ 1953ರ ಕಾನೂನಿನಿಂದ ಹುಟ್ಟಿದ್ದು ತುಂಗಭದ್ರಾ ಮಂಡಳಿ. ನದಿ ಒಂದು, ಅಣೆಕಟ್ಟು ಒಂದು, ಕಾಲುವೆ ಮಾತ್ರ ಎರಡು ರಾಜ್ಯಕ್ಕೆ. ಬಲದಂಡೆಯ ಎಲ್‌ಎಲ್‌ಸಿ ಸಿರುಗುಪ್ಪದ ಗದ್ದೆಗಳಿಗೆ ನೀರುಣಿಸಿ ಕರ್ನೂಲಿನ ಕಡೆ ಹೋಗುತ್ತದೆ, ಎಚ್‌ಎಲ್‌ಸಿ ಬಳ್ಳಾರಿ ದಾಟಿ ಅನಂತಪುರಕ್ಕೆ. ಅದಕ್ಕಾಗಿ ಕೇಂದ್ರ ನೇಮಿಸಿದ ಅಧ್ಯಕ್ಷರ ಕೆಳಗೆ ರಾಜ್ಯಗಳ ಸದಸ್ಯರು ಕೂತು ನಡೆಸುವ ಮಂಡಳಿ. ತೆಲಂಗಾಣ ಆದ ಮೇಲೆ ಅವರೂ ಸೇರಿದ್ದಾರೆ. ಯಾರಿಗೆ ಎಷ್ಟು ನೀರು ಎಂಬ ಲೆಕ್ಕ ಬಚಾವತ್ ನ್ಯಾಯಮಂಡಳಿಯ ತೀರ್ಪಿನದು. ನಮ್ಮ ಕಾಲುವೆಗಳಿಗೆ ಯಾವ ದಿನ ಬಿಡಬೇಕು, ಯಾವ ದಿನ ನಿಲ್ಲಿಸಬೇಕು ಎಂಬ ತೀರ್ಮಾನಕ್ಕೆ ರಾಜ್ಯದ ನೀರಾವರಿ ಸಲಹಾ ಸಮಿತಿ ಮುನಿರಾಬಾದಿನಲ್ಲಿ ಕೂಡುತ್ತದೆ.

2024ರ ಆಗಸ್ಟ್ 10ರ ರಾತ್ರಿ ಏನಾಯಿತೆಂದು ಭತ್ತ ಹಾಕಿದ ಯಾರನ್ನಾದರೂ ಕೇಳಿ. 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿ ಹೋಯಿತು. ತುಂಬಿದ ಜಲಾಶಯದ ನೀರು ಕಣ್ಣೆದುರೇ ಹೊಳೆಪಾಲು. ಆ ವಾರ ಹಳ್ಳಿ ಹಳ್ಳಿಯ ಚಹಾದಂಗಡಿಯಲ್ಲಿ ಒಂದೇ ಪ್ರಶ್ನೆ: ತಪ್ಪು ಯಾರದು? ಒಬ್ಬರು ಮಂಡಳಿಯ ಕಡೆ ಬೆರಳು ತೋರಿಸಿದರು, ಇನ್ನೊಬ್ಬರು ರಾಜ್ಯದ ಕಡೆ, ಮತ್ತೊಬ್ಬರು ಕೇಂದ್ರದ ಕಡೆ. ಅಧಿಕಾರ ಹಂಚಿಕೆಯ ಕೆಡುಕು ಇಲ್ಲಿದೆ, ಅದನ್ನು ಮುಚ್ಚಿಡಬಾರದು. ಹಲವರ ಕೈಯಲ್ಲಿದ್ದ ಹೊಣೆ ಯಾರ ಕೈಯಲ್ಲೂ ಇಲ್ಲದ ಹಾಗೆ ಆಗಬಹುದು. ಒಳಿತೂ ಅದೇ ವಾರ ಕಾಣಿಸಿತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸುವ ಕೆಲಸಕ್ಕೆ ಮಂಡಳಿ, ರಾಜ್ಯದ ಎಂಜಿನಿಯರುಗಳು, ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಎಲ್ಲರೂ ಕೂಡಿದರು. ಸುಮಾರು ಒಂದು ವಾರದಲ್ಲಿ ನೀರು ನಿಂತಿತು. ಕೆಲಸಗಾರರು ಪ್ರಾಣ ಒತ್ತೆಯಿಟ್ಟು ಇಳಿದರು. ಆ ಕೂಲಿಕಾರರಿಗೆ ನಾವು ಇದೇ ಮಿಂಬರಿನಿಂದ ದುಆ ಮಾಡಿದ್ದೆವು.

ಹಂಚಿದ ಅಧಿಕಾರದಲ್ಲಿ ಮೂರನೆಯ ಪಾಲು ನ್ಯಾಯಾಲಯದ್ದು. ಸರ್ಕಾರವೇ ದಾರಿ ತಪ್ಪಿದರೆ ಯಾರ ಬಾಗಿಲು ಬಡಿಯಬೇಕು ಎಂದು ಕೇಳುವ ಯುವಕರಿಗೆ ಸಂಡೂರು, ಹೊಸಪೇಟೆಯ ಗಣಿಗಳ ಕಥೆ ಸಾಕು. ಕೆಂಪು ದೂಳು, ಸಾಲುಗಟ್ಟಿದ ಲಾರಿಗಳು, ಹಾಳಾದ ರಸ್ತೆಗಳನ್ನು ಮೂವತ್ತು ದಾಟಿದವರೆಲ್ಲ ನೋಡಿದ್ದಾರೆ. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿಗೆ ಹೋಯಿತು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ 2011ರ ಜುಲೈ 27ರಂದು ವರದಿ ಕೊಟ್ಟರು. ಎರಡೇ ದಿನದಲ್ಲಿ, ಜುಲೈ 29ರಂದು, ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿತು. ಆ ತಿಂಗಳು ಮುಗಿಯುವ ಮೊದಲು ರಾಜ್ಯದ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಲಾರಿ ಓಡಿಸುತ್ತಿದ್ದ ನಮ್ಮ ಎಷ್ಟೋ ಹುಡುಗರ ಕೂಲಿಯೂ ಅದರೊಂದಿಗೆ ಹೋಯಿತು, ಅದೂ ಸತ್ಯ. ನ್ಯಾಯದ ಬೆಲೆಯನ್ನು ಕೆಲವೊಮ್ಮೆ ತಪ್ಪು ಮಾಡದವರು ಕಟ್ಟುತ್ತಾರೆ. ಈ ಭಾಗದ ಹೈಕೋರ್ಟ್ ಪೀಠ ಧಾರವಾಡದಲ್ಲಿದೆ, ಬೆಂಗಳೂರಿನ ತನಕ ಹೋಗಬೇಕಿಲ್ಲ ಎಂಬುದನ್ನೂ ನೆನಪಿಡಿ.

ಕೆಲವು ಸಹೋದರರ ಮನಸ್ಸಿನಲ್ಲಿರುವ ಇನ್ನೊಂದು ಮಾತನ್ನು ಬಿಚ್ಚಿ ಹೇಳುತ್ತೇವೆ. "ಬಳ್ಳಾರಿ ಲೋಕಸಭಾ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲು, ಜಿಲ್ಲೆಯ ಐದು ವಿಧಾನಸಭಾ ಕ್ಷೇತ್ರಗಳಲ್ಲಿ ಬಳ್ಳಾರಿ ನಗರ ಬಿಟ್ಟು ಉಳಿದ ನಾಲ್ಕೂ ಮೀಸಲು, ನಮ್ಮವರು ನಿಲ್ಲುವಂತೆಯೇ ಇಲ್ಲ, ಮತ ಹಾಕಿ ಏನು ಪ್ರಯೋಜನ?" ಎನ್ನುತ್ತಾರೆ. 2008ರ ಕ್ಷೇತ್ರ ಮರುವಿಂಗಡಣೆಯಿಂದ ಹೀಗಾಗಿದೆ, ನಿಜ. ಈ ಸೀಮೆಯಲ್ಲಿ ವಾಲ್ಮೀಕಿ ನಾಯಕ ಜನರ ಸಂಖ್ಯೆ ದೊಡ್ಡದು, ಅವರು ತಲೆಮಾರುಗಳ ಕಾಲ ಅಧಿಕಾರದ ಹೊರಗೆ ನಿಂತವರು. ಮೀಸಲು ಇರುವುದು ಅಭ್ಯರ್ಥಿಗೆ, ಮತದಾರನಿಗಲ್ಲ. ನಿಮ್ಮ ಮತದ ತೂಕ ಒಂದು ಗುಂಜಿಯಷ್ಟೂ ಕಡಿಮೆಯಾಗಿಲ್ಲ. ನೆರೆಮನೆಯವನಿಗೆ ಹಕ್ಕು ಸಿಕ್ಕಿತೆಂದು ನಾವು ಮನೆಯಲ್ಲಿ ಕೂರುವುದು ಯಾವ ಇನ್ಸಾಫ್? ಸಂವಿಧಾನ ರಚನಾ ಸಭೆಯಲ್ಲಿ ಮುಸ್ಲಿಮರಿಗೆ ಶಾಸನಸಭೆಗಳಲ್ಲಿ ಮೀಸಲು ಸ್ಥಾನ ಬೇಕೋ ಬೇಡವೋ ಎಂದು ಚರ್ಚೆ ನಡೆದು 1949ರ ಮೇ ತಿಂಗಳಲ್ಲಿ ಅದನ್ನು ಕೈಬಿಟ್ಟರು. ಬೇಡ ಎಂದವರಲ್ಲಿ ಬೇಗಂ ಐಜಾಜ್ ರಸೂಲ್ ಒಬ್ಬರು, ಆ ಸಭೆಯಲ್ಲಿದ್ದ ಒಬ್ಬರೇ ಮುಸ್ಲಿಂ ಮಹಿಳೆ. ಎಲ್ಲರೊಂದಿಗೆ ಬೆರೆತು, ಎಲ್ಲರ ಮತ ಕೇಳಿ ಗೆಲ್ಲಬೇಕು ಎಂಬುದು ಅವರ ನಿಲುವು. ಅದು ಸರಿಯೇ ಎಂದು ಇವತ್ತಿಗೂ ವಾದ ಮಾಡುವವರಿದ್ದಾರೆ, ಮಾಡಲಿ. ವಾದ ಮಾಡಲಿಕ್ಕಾದರೂ ಮತದಾರರ ಪಟ್ಟಿಯಲ್ಲಿ ಹೆಸರು ಇರಬೇಕಲ್ಲ!

ಅಂದಹಾಗೆ, ಸಿರುಗುಪ್ಪದಿಂದ ಇವತ್ತು ಬಂದಿರುವ ನೆಂಟರಿಗೆ ಒಂದು ಮಾತು. ನಿಮ್ಮ ಜಿಲ್ಲೆ ಬಳ್ಳಾರಿ, ನಿಮ್ಮ ಸಂಸದರು ಮಾತ್ರ ಕೊಪ್ಪಳದವರು. ಸಿರುಗುಪ್ಪ ವಿಧಾನಸಭಾ ಕ್ಷೇತ್ರ ಸೇರಿರುವುದು ಕೊಪ್ಪಳ ಲೋಕಸಭಾ ಕ್ಷೇತ್ರಕ್ಕೆ. ರೈಲಿನ ಅರ್ಜಿ ಹಿಡಿದು ಬಳ್ಳಾರಿ ಸಂಸದರ ಕಚೇರಿ ಮುಂದೆ ಕಾಯಬೇಡಿ.

ಕಾಲೇಜು ಸೀಟಿನ ವಿಷಯಕ್ಕೆ ಬರುತ್ತೇವೆ. ಸಂವಿಧಾನವನ್ನೇ ತಿದ್ದಿದರೆ ನಮ್ಮೂರ ಹುಡುಗನಿಗೆ ಏನಾಗುತ್ತದೆ ಎಂಬುದಕ್ಕೆ 371(ಜೆ) ಉದಾಹರಣೆ. 98ನೇ ತಿದ್ದುಪಡಿಗೆ 2012ರ ಡಿಸೆಂಬರಿನಲ್ಲಿ ಸಂಸತ್ತಿನ ಎರಡೂ ಸದನಗಳು ಒಪ್ಪಿಗೆ ಕೊಟ್ಟವು. ಮಾಮೂಲಿ ಬಹುಮತ ಇದಕ್ಕೆ ಸಾಲದು. ಹಾಜರಿದ್ದು ಮತ ಹಾಕಿದವರಲ್ಲಿ ಮೂರರಲ್ಲಿ ಎರಡು ಪಾಲು ಬೇಕು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳದ ಜೊತೆ ಸ್ವಾತಂತ್ರ್ಯದ ಹೊತ್ತಿಗೆ ನಿಜಾಮರ ಆಳ್ವಿಕೆಯಲ್ಲಿರದ ನಮ್ಮ ಬಳ್ಳಾರಿಯೂ ಸೇರಿತು. ಅದರಿಂದ ಈ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು, ರಾಜ್ಯದ ಉಳಿದ ಕಡೆ 8 ಸೀಟು ಸ್ಥಳೀಯರಿಗೆ. ಇಲ್ಲಿನ ಸಿ ದರ್ಜೆಯ ಸರ್ಕಾರಿ ಕೆಲಸಗಳಲ್ಲಿ 80, ಡಿ ದರ್ಜೆಯಲ್ಲಿ 85. ದಿಲ್ಲಿಯಲ್ಲಿ ಸಂವಿಧಾನ ತಿದ್ದಿದರು, ನಿಯಮ ಬೆಂಗಳೂರಿನಲ್ಲಿ ಆಯಿತು, ಪ್ರಮಾಣಪತ್ರ ಬಳ್ಳಾರಿಯ ಉಪವಿಭಾಗಾಧಿಕಾರಿಯವರ ಕಚೇರಿಯಲ್ಲಿ ಸಿಗುತ್ತದೆ. ಫಲಿತಾಂಶ ಬಂದ ಮೇಲೆ ಓಡಾಡುವ ಬದಲು ಪಿಯುಸಿಗೆ ಸೇರಿದ ವರ್ಷವೇ ಮಾಡಿಸಿಟ್ಟುಕೊಳ್ಳಿ.

ಕೊನೆಗೆ ಪಂಚಾಯಿತಿ. 1993ರಲ್ಲಿ 73ನೇ ತಿದ್ದುಪಡಿ ಜಾರಿಯಾದಾಗಿನಿಂದ ಇದು ಯಾರೋ ದಯೆಯಿಂದ ಕೊಟ್ಟ ಸಂಸ್ಥೆಯಲ್ಲ, ಸಂವಿಧಾನವೇ ನಿಲ್ಲಿಸಿದ ಸರ್ಕಾರ. ಐದು ವರ್ಷಕ್ಕೊಮ್ಮೆ ಚುನಾವಣೆ, ನಮ್ಮ ರಾಜ್ಯದಲ್ಲಿ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗೆ. ಹಣಕಾಸು ಆಯೋಗದ ಅನುದಾನ ದಿಲ್ಲಿಯಿಂದ ಇಲ್ಲಿಯ ತನಕ ಬರುತ್ತದೆ. ಅದನ್ನು ಯಾವ ಓಣಿಗೆ ಖರ್ಚು ಮಾಡಬೇಕು, ಮನೆ ಯಾರಿಗೆ ಮಂಜೂರಾಗಬೇಕು ಎಂಬ ಪಟ್ಟಿಯ ಮುಂದೆ ನೀವು ಎದ್ದು ನಿಂತು ಮಾತಾಡುವ ಜಾಗ ಗ್ರಾಮಸಭೆ. ಆರು ತಿಂಗಳಿಗೆ ಒಮ್ಮೆಯಾದರೂ ಅದು ಸೇರಲೇಬೇಕೆಂದು ಕಾನೂನಿದೆ. ದಿಲ್ಲಿಯ ಲೋಕಸಭೆಯಲ್ಲಿ ನಿಮಗೆ ಮಾತಾಡಲು ಬಿಡುವುದಿಲ್ಲ, ಬೆಂಗಳೂರಿನ ವಿಧಾನಸಭೆಯಲ್ಲೂ ಇಲ್ಲ. ಇಲ್ಲಿ ಬಿಡುತ್ತಾರೆ, ಬಿಡಲೇಬೇಕು. ಸೂರಃ ಅಶ್ಶೂರಾ ಓದಿ ಸಮಾಲೋಚನೆಯ ಹಿರಿಮೆ ಹೇಳುವ ನಾವು, ನಮ್ಮ ಓಣಿಯಿಂದ ಆ ಸಭೆಗೆ ಎಷ್ಟು ಜನ ಹೋಗುತ್ತೇವೆ? ಬೆರಳೆಣಿಕೆಯಷ್ಟು. ಹೆಂಗಸರಂತೂ ಇಲ್ಲವೇ ಇಲ್ಲ. ನೀರು ಹೊರುವವರು ಅವರು, ನಲ್ಲಿಯ ಕಷ್ಟ ಗೊತ್ತಿರುವುದೂ ಅವರಿಗೇ, ಸಭೆಯಲ್ಲಿ ಮಾತಾಡುವವರು ಮಾತ್ರ ನಾವು ಗಂಡಸರು.

ಇನ್ನು ಚುನಾವಣೆಯ ಹಿಂದಿನ ರಾತ್ರಿ ಹಂಚುವ ನೋಟಿನ ವಿಷಯ. ಮತ ಎಂಬುದು ಶಹಾದತ್, ಸಾಕ್ಷಿ ನುಡಿದಂತೆ ಎಂದು ನಮ್ಮ ದೊಡ್ಡ ಆಲಿಮರು ಬರೆದಿದ್ದಾರೆ. ಸಾಕ್ಷಿಗೆ ಹಣ ಪಡೆಯುವವನ ಹೆಸರೇನು ಎಂದು ನಾವು ಬಿಡಿಸಿ ಹೇಳಬೇಕಿಲ್ಲ. ಕಾನೂನಿನಲ್ಲೂ ಕೊಡುವವನಿಗೂ ಪಡೆಯುವವನಿಗೂ ಶಿಕ್ಷೆ ಇದೆ.

ಇವತ್ತು ಇಶಾ ನಮಾಜಿನ ಬಳಿಕ ಮದ್ರಸಾದ ಕೋಣೆಯಲ್ಲಿ ನಮ್ಮ ಯುವಕರು ಮೊಬೈಲ್ ಇಟ್ಟುಕೊಂಡು ಕೂರುತ್ತಾರೆ. ಮತದಾರರ ಪಟ್ಟಿಯಲ್ಲಿ ನಿಮ್ಮ ಮನೆಯ ಎಲ್ಲರ ಹೆಸರು ನೋಡಿಸಿಕೊಳ್ಳಿ. 18 ತುಂಬಿದ ಮಕ್ಕಳಿಗೆ, ಹೆಣ್ಣುಮಕ್ಕಳನ್ನೂ ಸೇರಿಸಿ, ನಮೂನೆ 6. ಹೆಸರಿನ ಅಕ್ಷರ ತಪ್ಪಿದ್ದರೆ, ವಿಳಾಸ ಬದಲಾಗಿದ್ದರೆ ನಮೂನೆ 8. ಉರ್ದುವಿನ ಹೆಸರು ಕನ್ನಡದಲ್ಲಿ ಒಂದು ಥರ, ಆಧಾರಿನಲ್ಲಿ ಇನ್ನೊಂದು ಥರ ಇರುವವರು ಎರಡನ್ನೂ ತನ್ನಿ. ಆದೋನಿ, ರಾಯದುರ್ಗದಿಂದ ಮದುವೆಯಾಗಿ ಬಂದ ಸೊಸೆಯರಿಗೂ ನಮೂನೆ 8 ಸಾಕು, ಹೊಸದಾಗಿ ಅರ್ಜಿ ಹಾಕುವುದು ಬೇಡ. ಅವರ ಆ ಊರಿನ ಗುರುತಿನ ಚೀಟಿ ಮರೆಯಬೇಡಿ, ಅದರ ಮೇಲಿನ ಸಂಖ್ಯೆ ಬೇಕಾಗುತ್ತದೆ.